ಡಬ್ಬಿಯಲ್ಲಿಟ್ಟ ಕೂದಲು

"ಕೂದ್ಲು ಕೊಡ್ತೀರಾ, ತಲೆಕೂದ್ಲೂ..." ಅಂತ ಕೂಗಿಕೊಂಡು ಕುಶಾಲನಗರದ ನಮ್ಮ ಬೀದಿಗೆ ಬರುವವನು ಈ ವಾರ ಮತ್ತೆ ಬಂದಿದ್ದ. ಬೈಕಿನ ಹಿಂದೆ ಅದೇ ಸ್ಟೀಲ್ ಪಾತ್ರೆಗಳ ಗಂಟು, ಅದೇ ಬಲೂನು, ಹೇರ್‌ಪಿನ್ನು. ಹಿತ್ತಿಲ ಹೆಂಚಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದ ಆರು ತಿಂಗಳ ಕೂದಲನ್ನು ಕೊಟ್ಟೆ, ಒಂದು ಲೋಟ ಬಂತು. ಬಾಚಿದ ಕೂದಲನ್ನು ಬೆರಳಿಗೆ ಸುತ್ತಿ, ಥೂ ಥೂ ಎಂದು ಉಗುಳಿ ಎಸೆಯಬೇಕು ಅಂತಿದ್ದಳು ನಮ್ಮಜ್ಜಿ. ಈಗ ಎಸೆಯುವವರು ಕಡಿಮೆ. ಅದು ಕೊಪ್ಪಳದ ಪಕ್ಕದ ಭಾಗ್ಯನಗರದಂಥ ಊರು ಸೇರಿ, ಸಿಕ್ಕು ಬಿಡಿಸಿಕೊಂಡು, ಉದ್ದಕ್ಕೆ ತಕ್ಕ ಹಾಗೆ ವಿಂಗಡವಾಗಿ, ವಿಗ್ ಆಗಲು ಹೊರಡುತ್ತದೆ.

ಎದುರುಮನೆ ಅಕ್ಕ ಗೇಟಿನ ಹತ್ತಿರ ನಿಂತಿದ್ದರು. "ನಿಮ್ದು ಇಲ್ವಾ ಅಮ್ಮಾ?" ಅಂದ ಅವನು. "ಇದೆ. ಕೊಡಲ್ಲ" ಅಂದರು ಅಕ್ಕ. ಅವನು ಮುಂದೆ ಹೋದ. ನನಗೆ ಹೋಗಲಾಗಲಿಲ್ಲ.

ಅಕ್ಕ ಒಳಗೆ ಕರೆದು ಬಿಸ್ಕತ್ತಿನ ಹಳೇ ಡಬ್ಬಿ ತೆರೆದರು. ಅದರೊಳಗೆ ಪೇಪರಿನ ಚೂರುಗಳ ಪೊಟ್ಟಣ, ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ಬರೆದ ತಾರೀಕು. ಎಲ್ಲವೂ ಭಾನುವಾರ, ತಲೆಗೆ ನೀರು ಹಾಕಿಕೊಂಡ ದಿನ. ಒಂದೊಂದರಲ್ಲೂ ಒಂದು ಕೂದಲುಂಡೆ. ಮೊದಮೊದಲಿನವು ಗೋಲಿಯಷ್ಟು, ಆಮೇಲಾಮೇಲೆ ನೆಲ್ಲಿಕಾಯಿಯಷ್ಟು.

ನಾಲ್ಕು ವರ್ಷದ ಹಿಂದೆ ಅಕ್ಕನಿಗೆ ಸ್ತನದ ಆಪರೇಷನ್ ಆಯಿತು, ಆಮೇಲೆ ಕಿಮೋ. ಎರಡು ಮೂರು ವಾರದಲ್ಲೇ ದಿಂಬಿನ ತುಂಬ ಕೂದಲು. ಆಗ ಅವರು ಕುಗ್ಗಿರಲಿಲ್ಲ. ಅದಕ್ಕೊಂದು ಲೆಕ್ಕವಿತ್ತಲ್ಲ: ಔಷಧಿ ಮುಗಿದರೆ ಮತ್ತೆ ಹುಟ್ಟುತ್ತದೆ. ಹುಟ್ಟಿತು ಕೂಡ, ಮೊದಲಿಗಿಂತ ಗುಂಗುರಾಗಿ. ಆ ದಿನಗಳಲ್ಲಿ ಮಗಳು ಬೆಂಗಳೂರಿನಿಂದ ತಂದುಕೊಟ್ಟ ಉಲ್ಲನ್ ಟೋಪಿ ತುರಿಸುತ್ತದೆಂದು, ಅವರಜ್ಜಿಯ ಪೆಟ್ಟಿಗೆಯಲ್ಲಿದ್ದ ವಸ್ತ್ರವನ್ನೇ ತೆಗೆದು ತಲೆಗೆ ಕಟ್ಟಿಕೊಂಡಿದ್ದರು. ಕೊಡವ ಹೆಂಗಸರು ಮದುವೆಮನೆಯಲ್ಲಿ ಕಟ್ಟುತ್ತಾರಲ್ಲ, ಅದೇ ವಸ್ತ್ರ. ಹಳಬರು ಅದನ್ನು ದಿನವೂ ಕಟ್ಟುತ್ತಿದ್ದರು. ಅಕ್ಕ ಅದನ್ನು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತರೆ ಕಾಯಿಲೆಯವರ ಹಾಗೆ ಕಾಣುತ್ತಿರಲಿಲ್ಲ, ಅವರಜ್ಜಿಯ ಹಾಗೆ ಕಾಣುತ್ತಿದ್ದರು. ಊರಿಗೆ ಊರೇ ನೋಡಲು ಬಂತು. ಯಾರೋ ಕಿತ್ತಳೆ ತಂದರು, ಯಾರೋ ಜೇನು ತಂದರು.

ಈಗ ನಡೆಯುತ್ತಿರುವುದು ಬೇರೆ. ಕಿಮೋ ಮುಗಿದ ಮೇಲೆ ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದಾರೆ, ಟ್ಯಾಮೊಕ್ಸಿಫೆನ್ ಅಂತ. 1962ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಇದನ್ನು ತಯಾರಿಸಿದರು. ಗರ್ಭ ನಿಲ್ಲದಂತೆ ಮಾಡುವ ಮಾತ್ರೆ ಹುಡುಕುತ್ತಿದ್ದವರ ಕೈಗೆ ಸಿಕ್ಕಿದ್ದು ಇದು. ಸ್ತನ ಕ್ಯಾನ್ಸರಿಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1973ರಲ್ಲಿ. ನಮ್ಮ ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದೂ ಅದೇ ವರ್ಷ. ಆಮೇಲೆ ಎಷ್ಟು ಹೆಂಗಸರ ಜೀವ ಉಳಿಸಿದೆಯೋ ಈ ಪುಟ್ಟ ಬಿಳಿ ಮಾತ್ರೆ. ಐದು ವರ್ಷ ನುಂಗಬೇಕು, ಕೆಲವರು ಹತ್ತು ವರ್ಷ. ಈಸ್ಟ್ರೋಜನ್ ಎಂಬ ಹಾರ್ಮೋನು ಕ್ಯಾನ್ಸರ್ ಕಣಕ್ಕೆ ಸಿಗದಂತೆ ಇದು ತಡೆಯುತ್ತದೆ. ಕೂದಲಿಗೂ ಆ ಹಾರ್ಮೋನಿನ ಆಸರೆ ಬೇಕು. ಕಳೆಗೆ ನೀರು ನಿಲ್ಲಿಸಿದರೆ ಪಕ್ಕದ ಗಿಡಕ್ಕೂ ತೇವ ಕಡಿಮೆಯಾಗುತ್ತದಲ್ಲ, ಹಾಗೆ. ತಲೆ ಬೋಳಾಗುವುದಿಲ್ಲ. ನೆತ್ತಿಯ ಮೇಲೆ ತೆಳುವಾಗುತ್ತದೆ, ಬೈತಲೆ ಅಗಲವಾಗುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಅಕ್ಕನಿಗೆ ಆಯಿತು.

ಒಂದು ವರ್ಷದ ಹಿಂದೆ ಅಕ್ಕ ತಲೆ ಬಗ್ಗಿಸಿ ನನಗೆ ತೋರಿಸಿದ್ದರು. "ನೋಡು, ಎಷ್ಟು ಉದುರಿದೆ." ನಾನು ನೋಡಿದೆ. ನಿಜವಾಗಿಯೂ ನನಗೇನೂ ಕಾಣಲಿಲ್ಲ. "ಎಲ್ಲಕ್ಕಾ, ಚೆನ್ನಾಗೇ ಇದೆಯಲ್ಲ. ನಮಗೂ ಉದುರತ್ತೆ. ನೀವು ಗುಣವಾಗಿ ಬಂದಿದ್ದೇ ದೊಡ್ಡದು" ಅಂದೆ. ಪ್ರೀತಿಯಿಂದಲೇ ಅಂದಿದ್ದೆ. ಅಕ್ಕ ತಲೆ ಎತ್ತಿ ನಕ್ಕು, ಬೇರೆ ಮಾತು ತೆಗೆದರು. ಮತ್ತೆ ಆ ವಿಷಯ ಬಂದಿರಲಿಲ್ಲ.

ಡಬ್ಬಿ ಶುರುವಾದದ್ದು ಆಗ.

ನಮಗೆಲ್ಲ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ ಅನ್ನುತ್ತಾರೆ. ತಲೆಯ ಮೇಲೆ ಹತ್ತಿರ ಹತ್ತಿರ ಲಕ್ಷ ಇರುತ್ತದಂತೆ. ಎದುರಿಗೆ ಕೂತವರ ಕಣ್ಣಿಗೆ ಬೀಳಬೇಕಾದರೆ ಅದರಲ್ಲಿ ಬಹಳಷ್ಟು ಹೋಗಿರಬೇಕು. ಜಡೆ ಹೆಣೆಯುವ ಕೈಗೆ ಮಾತ್ರ ಅದು ಮೊದಲೇ ತಿಳಿಯುತ್ತದೆ. ಮೂರು ಸುತ್ತಿಗೆ ನಿಲ್ಲುತ್ತಿದ್ದ ರಬ್ಬರ್ ಬ್ಯಾಂಡಿಗೆ ಈಗ ಐದು ಸುತ್ತು ಬೇಕು ಅಂದರು ಅಕ್ಕ. ಆ ಎರಡು ಸುತ್ತು ನನಗೆ ಹೇಗೆ ಕಾಣಬೇಕಿತ್ತು?

ಆ ಪೊಟ್ಟಣಗಳಲ್ಲಿ ಮೂರನ್ನು ಬೇರೆ ಇಟ್ಟಿದ್ದರು. ಯಾಕೆಂದು ಕೇಳಿದೆ. "ಆ ಮೂರು ವಾರ ಮಾತ್ರೆ ತಗೊಂಡಿಲ್ಲ" ಅಂದರು. ಗಂಡನಿಗೆ ಗೊತ್ತಿಲ್ಲ, ಮಗಳಿಗೆ ಗೊತ್ತಿಲ್ಲ, ಡಾಕ್ಟರಿಗೂ ಹೇಳಿಲ್ಲ. ಮಾತ್ರೆ ಬಿಟ್ಟರೆ ಕೂದಲು ನಿಲ್ಲುತ್ತದಾ ಎಂದು ನೋಡಿದರಂತೆ. ಉಂಡೆ ಅಷ್ಟೇ ದಪ್ಪ. ಕೂದಲು ವಾರದ ಲೆಕ್ಕಕ್ಕೆ ಬಗ್ಗುವುದಿಲ್ಲ, ಅದರದು ತಿಂಗಳುಗಳ ಲೆಕ್ಕ. ಹೆದರಿಕೆಯಾಗಿ ಮತ್ತೆ ಶುರುಮಾಡಿದರು.

ಆ ಮೂರು ಪೊಟ್ಟಣಗಳನ್ನು ಕೈಯಲ್ಲಿ ಹಿಡಿದುಕೊಂಡಾಗ ನನಗಾದ ಸಂಕಟ ಹೇಳಲಾರೆ. ಮಾತ್ರೆಯನ್ನು ಅರ್ಧಕ್ಕೆ ಬಿಟ್ಟರೆ ಕಾಯಿಲೆ ಮರಳುವ ಅಪಾಯ ಹೆಚ್ಚು. ಅದು ಅಕ್ಕನಿಗೂ ಗೊತ್ತಿತ್ತು. "ಇಷ್ಟು ಸಣ್ಣದಕ್ಕೆ ಡಾಕ್ಟರ ಟೈಮು ಹಾಳು ಮಾಡೋದಾ ಅನ್ನಿಸ್ತು" ಅಂದರು. ಸಣ್ಣದು ಅಂತ ಅವರಿಗೆ ಹೇಳಿಕೊಟ್ಟವರು ಯಾರು? ಕಿತ್ತಳೆ ತಂದ ನಾವೇ.

ಬಿ.ವಿ. ಭಾರತಿಯವರು ತಮ್ಮ ಕ್ಯಾನ್ಸರಿನ ದಿನಗಳನ್ನು 'ಸಾಸಿವೆ ತಂದವಳು' ಪುಸ್ತಕದಲ್ಲಿ ಬಿಚ್ಚಿಟ್ಟಿದ್ದಾರೆ. ಅಕ್ಕ ಬರೆಯುವವರಲ್ಲ. ಅವರು ತಾರೀಕು ಹಾಕಿ ಪೊಟ್ಟಣ ಕಟ್ಟಿದರು.

ಡಾಕ್ಟರಿಗೆ ಹೇಳಿದರೆ ದಾರಿಗಳಿವೆ. ಥೈರಾಯ್ಡು, ರಕ್ತದ ಕಬ್ಬಿಣದಂಶ ನೋಡಬಹುದು. ಉದುರುವುದಕ್ಕೆ ಅದೂ ಕಾರಣವಿದ್ದೀತು. ತಲೆಗೆ ಹಚ್ಚುವ ಔಷಧಿ ಇದೆ. ಕೆಲವರಿಗೆ ಮಾತ್ರೆಯನ್ನೇ ಬದಲಿಸುತ್ತಾರೆ. ದಾಸವಾಳದ ಸೊಪ್ಪಿನ ಲೋಳೆ ಹಚ್ಚಿಕೊಳ್ಳುವವರು ಹಚ್ಚಿಕೊಳ್ಳಲಿ. ಹೊಟ್ಟೆಗೆ ತೆಗೆದುಕೊಳ್ಳುವ ಪುಡಿ, ಕಷಾಯ ಮಾತ್ರ ಡಾಕ್ಟರನ್ನು ಕೇಳದೆ ಬೇಡ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಯಾರಾದರೂ ಇಂಥ ಮಾತ್ರೆ ನುಂಗುತ್ತಿದ್ದು, ಒಂದು ದಿನ ತಲೆ ಬಗ್ಗಿಸಿ ತೋರಿಸಿದರೆ, "ಏನೂ ಕಾಣಲ್ಲ" ಅನ್ನಬೇಡಿ. "ಯಾವಾಗಿಂದ?" ಅಂತ ಕೇಳಿ.

ಮುಂದಿನ ವಾರ ಅಕ್ಕನಿಗೆ ಮೈಸೂರಿನಲ್ಲಿ ತಪಾಸಣೆ. ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ಡಬ್ಬಿಯನ್ನೂ ತರುತ್ತೇನೆ ಅಂದಿದ್ದಾರೆ.