ಬ್ಯಾಕಪ್ಪಿನ ಪೂರ್ವೋತ್ತರ

ಮೊದಲು ಒಂದು ಪ್ರಶ್ನೆ. ಭಾನುವಾರ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಪೂರ್ತಿಯಾಗಿ ಪ್ರತಿ ಮಾಡಿಟ್ಟಿದ್ದೀರಿ. ಸೋಮವಾರದಿಂದ ದಿನಾ ಸಂಜೆ, ಹಿಂದಿನ ಪ್ರತಿ ತೆಗೆದ ಮೇಲೆ ಬದಲಾದದ್ದನ್ನು ಮಾತ್ರ ಪ್ರತಿ ಮಾಡುತ್ತಿದ್ದೀರಿ. ಗುರುವಾರ ಮಧ್ಯಾಹ್ನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಎಲ್ಲವನ್ನೂ ಮರಳಿ ಪಡೆಯಲು ಎಷ್ಟು ಪ್ರತಿ ಬೇಕು?

ಉತ್ತರ ನಾಲ್ಕು. ಭಾನುವಾರದ್ದು, ಸೋಮವಾರದ್ದು, ಮಂಗಳವಾರದ್ದು, ಬುಧವಾರದ್ದು. ಈ ವಿಧಾನಕ್ಕೆ ಇನ್‌ಕ್ರಿಮೆಂಟಲ್ ಬ್ಯಾಕಪ್ ಅಂತ ಹೆಸರು. ದಿನಾ ಸಂಜೆ, ಭಾನುವಾರದಿಂದ ಈಚೆಗೆ ಬದಲಾದದ್ದನ್ನೆಲ್ಲ ಒಟ್ಟಿಗೆ ತೆಗೆಯುತ್ತ ಬಂದರೆ ಅದು ಡಿಫರೆನ್ಷಿಯಲ್. ಅಲ್ಲಿ ಎರಡೇ ಸಾಕು: ಭಾನುವಾರದ್ದು, ಬುಧವಾರದ್ದು. ಮೊದಲನೆಯದರಲ್ಲಿ ದಿನದ ಕೆಲಸ ಹಗುರ, ಆಪತ್ತಿನ ದಿನ ಭಾರ. ಎರಡನೆಯದರಲ್ಲಿ ಅದಕ್ಕೆ ತಿರುಗಾಮುರುಗ.

ಇದನ್ನು ನಮ್ಮ ಹಾಸನ ಜಿಲ್ಲೆಯ ಗೊರೂರು ಸುತ್ತಿನ ಯಾವುದೇ ಹಾಲಿನ ಡೈರಿಯ ಲೆಕ್ಕಕ್ಕೆ ಹಚ್ಚಿ ನೋಡಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು ಅನ್ನುವುದೆಲ್ಲ ಕಂಪ್ಯೂಟರಿಗೆ ಹೋಗುತ್ತದೆ. ನಾಲ್ಕು ಪ್ರತಿಗಳಲ್ಲಿ ಮಂಗಳವಾರದ್ದೊಂದು ಓದಲು ಬಾರದೆ ಹೋಯಿತು ಅನ್ನಿ. ಮಂಗಳವಾರ ಹಾಲು ಹಾಕಿದ ಮನೆಗಳಿಗೆಲ್ಲ ಆ ದಿನವೇ ಇಲ್ಲ. ಬಟವಾಡೆಯ ದಿನ ಜಗಳಕ್ಕೆ ಇಷ್ಟು ಸಾಕು.

ಬ್ಯಾಕಪ್ಪಿನ ಪಾಠ ಈಗ ಪರೀಕ್ಷೆಗೆ ಓದುವವರಿಗೂ ಬೇಕು. 2012ರಲ್ಲಿ ನಮ್ಮ ರಾಜ್ಯ ಸರ್ಕಾರ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ತಂದಿತು. ಪಾಸಾಗಬೇಕಾದ ಗಡುವು ಹಲವು ಸಲ ಮುಂದೆ ಹೋಯಿತು, ನೌಕರರ ಆತಂಕವೂ ಅದರ ಜೊತೆಗೇ ಮುಂದೆ ಹೋಯಿತು. ಐಟಿಐಗಳಲ್ಲಿ ಕೋಪಾ ಎಂಬ ಕಂಪ್ಯೂಟರ್ ಕೋರ್ಸ್ ಓದುವ ಹುಡುಗ ಹುಡುಗಿಯರಿಗೂ ಕಂಪ್ಯೂಟರಿನ ನಿರ್ವಹಣೆ ಪಠ್ಯದ ಭಾಗ. ಇವರೆಲ್ಲ ಬ್ಯಾಕಪ್ ಅನ್ನುವ ಪಾಠವನ್ನು ಮೊನ್ನೆ ಮೊನ್ನೆ ಹುಟ್ಟಿದ್ದು ಅಂದುಕೊಂಡು ಬಾಯಿಪಾಠ ಮಾಡುತ್ತಾರೆ. ಆದರೆ ಅದರ ಪೂರ್ವೋತ್ತರ ಬಹಳ ಹಿಂದಿನದು, ಅದರಲ್ಲಿ ಒಂದಿಷ್ಟು ನಮ್ಮ ಜಿಲ್ಲೆಯಲ್ಲೇ ಇದೆ.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಓಲೆಗರಿಯ ಮೇಲೆ, ಕಂಟದಿಂದ ಒಂದೊಂದೇ ಅಕ್ಷರ ಕೊರೆಸಿ. ನಾವು ಅದನ್ನು ದಾನವೆಂದು ಕೊಂಡಾಡುತ್ತೇವೆ, ಸರಿಯೇ. ಕಂಪ್ಯೂಟರ್ ಓದುವವರು ಇನ್ನೊಂದು ಕಡೆಯಿಂದಲೂ ನೋಡಬೇಕು: ಒಂದೇ ಕಡೆ ಇದ್ದದ್ದು ಹಲವು ಊರುಗಳಿಗೆ ಹೋಯಿತು. ಒಂದು ಬಸದಿಗೆ ಬೆಂಕಿ ಬಿದ್ದರೂ ಇನ್ನೊಂದು ಮನೆಯಲ್ಲಿ ಕಾವ್ಯ ಉಳಿಯುತ್ತದೆ.

ಹಾಗೆ ಹಂಚದೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮೂಡಬಿದಿರೆಯನ್ನು ನೋಡಬೇಕು. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳು, ಹಳಗನ್ನಡ ಲಿಪಿಯವು, ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಶತಮಾನಗಳ ಕಾಲ ಅವುಗಳಿಗೆ ಪೂಜೆ ನಡೆಯಿತು, ಯಾತ್ರಿಕರು ದರ್ಶನ ಮಾಡಿದರು. ಓದು ನಡೆಯಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಶುರುವಾಗಿ ಮುಂದಿನ ಶತಮಾನಕ್ಕೂ ಸಾಗಿತು. ಕೆಲವು ಗರಿಗಳು ಅಷ್ಟರಲ್ಲಿ ನಷ್ಟವಾಗಿದ್ದವು. ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಗಿ ಬಂದದ್ದು 1939ರಲ್ಲಿ. ಇಷ್ಟು ಭಕ್ತಿಯಿಂದ ಕಾಪಾಡಿದರೂ ಕೂದಲೆಳೆಯಲ್ಲಿ ಉಳಿಯಿತು ಅನ್ನಬೇಕು.

ಓಲೆಗರಿಗೆ ನಿರ್ವಹಣೆಯೂ ಇತ್ತು. ಹುಳು ಹಿಡಿಯದಂತೆ ನಿಂಬೆಹುಲ್ಲಿನ ಎಣ್ಣೆ ಸವರುವುದು, ಅಕ್ಷರ ಕಾಣುವಂತೆ ಕಾಡಿಗೆಯ ಮಸಿ ತೀಡುವುದು, ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟುವುದು, ನವರಾತ್ರಿಯ ಸರಸ್ವತಿ ಪೂಜೆಗೆ ಹೊರತೆಗೆದು ದೂಳು ಕೊಡವುವುದು. ವರ್ಷಕ್ಕೊಂದು ಸಲವಾದರೂ ಕಟ್ಟು ಬಿಚ್ಚಲೇಬೇಕು ಎಂದು ಹಬ್ಬದಲ್ಲಿ ಸೇರಿಸಿದವರು ಮನುಷ್ಯರ ಸೋಮಾರಿತನವನ್ನು ಚೆನ್ನಾಗಿ ಬಲ್ಲವರು.

ಇನ್ನು ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ. ಚಿಕ್ಕಬೆಟ್ಟದ ಬಂಡೆಯ ಮೇಲೆ ಕೊರೆದ ಅಕ್ಷರ ಶಾಶ್ವತ ಅನ್ನಿಸುತ್ತದೆ. ಆದರೆ ಬಿಸಿಲು, ಮಳೆ, ಭಕ್ತರ ಹೆಜ್ಜೆ ಬಂಡೆಯನ್ನೂ ಸವೆಸುತ್ತವೆ. ಬಿ. ಎಲ್. ರೈಸ್ ಇಲ್ಲಿನ 144 ಶಾಸನಗಳನ್ನು 1889ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟವಾಗಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರ ಆವೃತ್ತಿಯಲ್ಲಿ ಅದನ್ನು 500ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಸಂಪುಟದಲ್ಲಿ 573 ಇವೆ. ಶಾಸನದ ಅಚ್ಚು ತೆಗೆಯುವುದನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ: ಕಲ್ಲನ್ನು ತಿಕ್ಕಿ ತೊಳೆದು, ಒದ್ದೆ ಕಾಗದ ಹಾಸಿ, ಗಟ್ಟಿ ಬ್ರಷ್ಷಿನಿಂದ ಬಡಿಬಡಿದು ಅಕ್ಷರದ ಕುಳಿಗೆ ಕಾಗದವನ್ನು ಇಳಿಸುತ್ತಾರೆ. ಮೇಲೆ ಮಸಿಯ ಉಂಡೆ ಒತ್ತಿದಾಗ ಕಾಗದ ಕಪ್ಪಾಗಿ, ಅಕ್ಷರ ಬಿಳಿಯಾಗಿ ಮೂಡುತ್ತದೆ. ಆಮೇಲೆ ಕೂತು ಓದಬೇಕು, ಇನ್ನೊಬ್ಬರು ಅದನ್ನು ತಿದ್ದಬೇಕು. ಅಚ್ಚು ಸ್ವಲ್ಪ ಹೊತ್ತಿನ ಕೆಲಸ. ಓದು ವರ್ಷಗಳದ್ದು.

ಕಂಪ್ಯೂಟರಿನ ಕಾಲಕ್ಕೆ ಬರೋಣ. 1952ರಲ್ಲಿ ಐಬಿಎಂ ಕಂಪನಿ ಕಾಂತೀಯ ಟೇಪ್ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಒಂದು ಸುರುಳಿ ಸುಮಾರು 35,000 ರಂಧ್ರ ಕಾರ್ಡುಗಳ ಕೆಲಸ ಮಾಡುತ್ತಿತ್ತು. ಈಗಿನ ಲೆಕ್ಕದಲ್ಲಿ ಅದು 2 ಎಂಬಿ ಚಿಲ್ಲರೆ, ಮೊಬೈಲಿನ ಒಂದು ಫೋಟೊ ಅದಕ್ಕಿಂತ ದೊಡ್ಡದು. ನಿನ್ನೆಯ ಲೆಕ್ಕದ ಟೇಪಿಗೆ ಇವತ್ತಿನ ವ್ಯವಹಾರ ಸೇರಿಸಿದರೆ ಹೊಸ ಟೇಪ್ ಹುಟ್ಟುತ್ತಿತ್ತು. ಹಳೆಯದನ್ನು ಬಿಸಾಡದೆ ಇಟ್ಟುಕೊಂಡರು. ಹೊಸದು ಮಗ, ನಿನ್ನೆಯದು ಅಪ್ಪ, ಮೊನ್ನೆಯದು ತಾತ. ಮಗ ಕೆಟ್ಟರೆ ಅಪ್ಪನಿಂದ, ಅಪ್ಪನೂ ಕೆಟ್ಟರೆ ತಾತನಿಂದ ಲೆಕ್ಕವನ್ನು ಮತ್ತೆ ಕಟ್ಟಬಹುದು. ಮುಂದೆ ಇದೇ ಪದ್ಧತಿ ದಿನದ ಪ್ರತಿ, ವಾರದ ಪ್ರತಿ, ತಿಂಗಳ ಪ್ರತಿ ಎಂದು ಬದಲಾಯಿತು. ಪರೀಕ್ಷೆಯಲ್ಲಿ ಇವತ್ತಿಗೂ ತಾತ-ಅಪ್ಪ-ಮಗ ಎಂಬ ಹೆಸರಿನಲ್ಲೇ ಬರುತ್ತದೆ.

ಆಮೇಲೆ ಫ್ಲಾಪಿ ಬಂತು. ಮೂರೂವರೆ ಇಂಚಿನದು 1.44 ಎಂಬಿ. ಸೆಕೆಗೆ, ಬೂಷ್ಟಿಗೆ, ಸ್ಪೀಕರಿನ ಆಯಸ್ಕಾಂತಕ್ಕೆ ಸೋಲುತ್ತಿತ್ತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾರೂ ಅದನ್ನು ನೆನೆದು ಮರುಗಿದ್ದನ್ನು ಕಂಡಿಲ್ಲ. ಆ ಕಾಲದ ನಿಜವಾದ ಪಾಠ ಬಂದದ್ದು 1999ರ ಏಪ್ರಿಲ್ 26ರಂದು. ಚೆರ್ನೋಬಿಲ್ ಎಂದು ಹೆಸರಾದ ಸಿಐಎಚ್ ವೈರಸ್ ಆ ದಿನ ಎಚ್ಚೆತ್ತು ಹಾರ್ಡ್ ಡಿಸ್ಕಿನ ಮೊದಲ ಭಾಗವನ್ನೇ ಅಳಿಸಿತು, ಕೆಲವು ಯಂತ್ರಗಳ ಬಯೋಸ್ ಚಿಪ್ಪನ್ನೂ ಕೆಡಿಸಿತು. ಭಾರತವೂ ಸೇರಿ ಏಷ್ಯಾದ ದೇಶಗಳು ಚೆನ್ನಾಗಿ ಪೆಟ್ಟು ತಿಂದವು. ಅದೇ ಯಂತ್ರದ ಇನ್ನೊಂದು ಫೋಲ್ಡರಿನಲ್ಲಿ ಪ್ರತಿ ಇಟ್ಟು ನೆಮ್ಮದಿಯಾಗಿದ್ದವರಿಗೆ ಎರಡೂ ಒಟ್ಟಿಗೇ ಹೋದವು.

ನಮ್ಮ ರೈತರ ಮಟ್ಟಿಗೆ ದೊಡ್ಡ ತಿರುವು ಭೂಮಿ ಯೋಜನೆ. ಮೊದಲು ಶಾನುಭೋಗರು, 1961ರ ಕಾಯಿದೆಯಿಂದ ಆ ವಂಶಪಾರಂಪರ್ಯ ಹುದ್ದೆ ರದ್ದಾದ ಮೇಲೆ ಗ್ರಾಮಲೆಕ್ಕಿಗರು ಪಹಣಿ ಬರೆದಿಡುತ್ತಿದ್ದರು. ಒಂದು ಹೊಲದ ಹಣೆಬರಹ ಒಬ್ಬರ ಕೈಬರಹದಲ್ಲಿತ್ತು. ಈ ಶತಮಾನದ ಆರಂಭಕ್ಕೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು, ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾಯಿತು. ಏರಿಸಿದ್ದಕ್ಕಿಂತ ಕಷ್ಟವಾದದ್ದು ತಾಳೆ ನೋಡುವ ಕೆಲಸ. ಅಚ್ಚು ತೆಗೆದ ಹಾಳೆಯನ್ನು ಹಳೆಯ ಪುಸ್ತಕದ ಪಕ್ಕದಲ್ಲಿಟ್ಟು ಗ್ರಾಮಲೆಕ್ಕಿಗರು ಸರ್ವೆ ನಂಬರು, ಗುಂಟೆ, ಆಣೆ, ಹೆಸರು ಎಂದು ಸಾಲು ಸಾಲಾಗಿ ನೋಡಿದರು. ಹೆಸರಿನಲ್ಲಿ ತಪ್ಪಿ ಹೋದದ್ದನ್ನು ಸರಿಮಾಡಿಸಲು ಅಲೆದವರು ನಮ್ಮ ಅರಕಲಗೂಡು, ಹೊಳೆನರಸೀಪುರದ ಕಡೆಯೂ ಕಡಿಮೆಯಿಲ್ಲ.

ಸರಿಸುಮಾರು ಅದೇ ಕಾಲದಲ್ಲಿ ಸರ್ಕಾರದ ಖಜಾನೆಗಳೂ ಉಪಗ್ರಹ ಸಂಪರ್ಕದಿಂದ ಬೆಂಗಳೂರಿನ ಸರ್ವರಿಗೆ ಸೇರಿದವು. ಅದರ ಇನ್ನೊಂದು ಪ್ರತಿಗೆ ಧಾರವಾಡವನ್ನು ಆರಿಸಿಕೊಂಡರು. ಅಷ್ಟು ದೂರ ಯಾಕೆ ಎಂದು ಗೊರೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1979ರಲ್ಲಿ ಅಲ್ಲಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರು ಶೆಟ್ಟಿಹಳ್ಳಿಯ ಚರ್ಚನ್ನು ಮಾತ್ರ ಆರಿಸಿಕೊಂಡು ಬರಲಿಲ್ಲ. ಅಕ್ಕಪಕ್ಕದ್ದನ್ನೆಲ್ಲ ಒಂದೇ ಮಟ್ಟಕ್ಕೆ ತಂದಿತು. ಅಣೆಕಟ್ಟಿನ ನೀರು ನೋಟಿಸು ಕೊಟ್ಟು ಬಂದಿತ್ತು. ಹಾರ್ಡ್ ಡಿಸ್ಕಿಗೆ ಆ ಸೌಜನ್ಯವೂ ಇಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂದು ಈಗ ಎಲ್ಲ ಪುಸ್ತಕಗಳಲ್ಲೂ ಇರುವ ಸೂತ್ರವನ್ನು ಜನಪ್ರಿಯ ಮಾಡಿದವರು ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೊಗ್ರಾಫರ್. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಥ ದಾಳಿಗಳ ಭಯಕ್ಕೆ, ಒಂದು ಪ್ರತಿಯನ್ನಾದರೂ ಯಾವ ತಂತಿಗೂ ಸಿಕ್ಕಿಸದೆ ಬೀರುವಿನಲ್ಲಿಡಿ ಅನ್ನುವುದೂ ಸೇರಿಕೊಂಡಿತು.

ಪರೀಕ್ಷೆಗಳಲ್ಲಿ ಕೇಳುವ ನಿರ್ವಹಣೆಯ ಪ್ರಶ್ನೆಗಳ ಬಗ್ಗೆ ನನ್ನದೊಂದು ತಕರಾರಿದೆ. ಡಿಫ್ರಾಗ್, ಅಂದರೆ ಡಿಸ್ಕಿನಲ್ಲಿ ಚದುರಿದ ಕಡತದ ತುಣುಕುಗಳನ್ನು ಒಟ್ಟುಗೂಡಿಸುವುದು, ಮಾಡುವುದು ಯಾಕೆ ಎಂದು ಇನ್ನೂ ಕೇಳುತ್ತಾರೆ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ ಅದು ಬೇಕಿತ್ತು. ಈಗಿನ ಎಸ್‌ಎಸ್‌ಡಿಗೆ ಬೇಕಿಲ್ಲ, ಸುಮ್ಮನೆ ಸವೆತ. ಅದರ ಬದಲು ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟು ದೊಡ್ಡ ಬ್ಯಾಟರಿ ಇರುತ್ತದಲ್ಲ, ಅದರ ಬಗ್ಗೆ ಕೇಳಬಾರದೇ? ಅದು ಸತ್ತರೆ ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ಜಿಗಿಯುತ್ತದೆ. ಹಳೆಯ ಯಂತ್ರಗಳಲ್ಲಿ 1980ರ ಜನವರಿ 1ಕ್ಕೆ. ಆ ದಿನ ನೀವು ಬರೆದ ಕಡತಕ್ಕೂ 1980ರ ತಾರೀಖೇ ಬೀಳುತ್ತದೆ. ಸಂಜೆ ತಾರೀಖು ನೋಡಿ ಹೊಸದನ್ನಷ್ಟೇ ಆಯುವ ಬ್ಯಾಕಪ್ ಅದನ್ನು ತೀರಾ ಹಳೆಯದೆಂದು ಬಿಟ್ಟುಬಿಡುತ್ತದೆ. ಪರದೆಯ ಮೇಲೆ ಯಶಸ್ವಿ ಎಂದೇ ಬರುತ್ತದೆ. ಅಗ್ಗದ ಒಂದು ಬ್ಯಾಟರಿಯಿಂದ ಪ್ರತಿಯಲ್ಲಿ ತೂತು ಬಿದ್ದದ್ದು ಯಾರಿಗೂ ಗೊತ್ತಾಗುವುದಿಲ್ಲ. ಒಂದು ಪಠ್ಯಪುಸ್ತಕದಲ್ಲಿ ನಿರ್ವಹಣೆಯನ್ನೂ ಬ್ಯಾಕಪ್ಪನ್ನೂ ಎರಡು ಅಧ್ಯಾಯ ಮಾಡಿದವರು ಇದನ್ನು ಯೋಚಿಸಬೇಕಿತ್ತು.

ಅದಕ್ಕೇ ಓದುತ್ತಿರುವವರಿಗೆ ನಾನು ಹೇಳುವುದು: ಬ್ಯಾಕಪ್ಪಿನ ವಿಧಗಳನ್ನು ಬಾಯಿಪಾಠ ಮಾಡಿ, ಅಂಕ ಬರುತ್ತದೆ. ಜೊತೆಗೆ ಒಂದು ಸಲ ರಿಸ್ಟೋರ್ ಮಾಡಿ. ಬೇಡದ ಒಂದು ಫೋಲ್ಡರನ್ನು ಅಳಿಸಿ, ಪ್ರತಿಯಿಂದ ಬೇರೆ ಕಂಪ್ಯೂಟರಿಗೆ ಮರಳಿ ತಂದು, ತೆರೆದು, ಓದಿ.

ಓದಿ ಎಂದು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಕನ್ನಡದ ಕಡತಗಳಿಗೆ ಇನ್ನೊಂದು ತೊಡಕಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನಮ್ಮ ಕಚೇರಿಗಳಲ್ಲಿ ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳಲ್ಲಿ ಟೈಪಾದ ಕಡತಗಳು ರಾಶಿ ರಾಶಿ. ಅವುಗಳಲ್ಲಿ ಕನ್ನಡದ ಅಕ್ಷರ ಕಾಣುತ್ತಿದ್ದುದು ಆಯಾ ತಂತ್ರಾಂಶದ ಫಾಂಟಿನ ದೆಸೆಯಿಂದ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಒಂದು ಬೈಟೂ ಕಳೆದಿಲ್ಲ, ಒಂದು ಪದವೂ ಓದಲು ಬಾರದು. ಪರಿವರ್ತಕ ತಂತ್ರಾಂಶಗಳಿವೆ, ಒಳ್ಳೆಯ ಕೆಲಸ ಮಾಡುತ್ತವೆ. ಆದರೂ ಅರ್ಕಾವೊತ್ತು ತಪ್ಪಿದ ಜಾಗಕ್ಕೆ ಹೋಗುವುದು, ಒತ್ತಕ್ಷರ ಬಿಟ್ಟುಹೋಗುವುದು, ಕನ್ನಡದ ನಡುವೆ ಬಂದ ಇಂಗ್ಲಿಷ್ ಹೆಸರು ಕೆಡುವುದು ಇದ್ದೇ ಇದೆ. ಹಾಗಾಗಿ ಹಳೆಯ ಕಂಪ್ಯೂಟರುಗಳನ್ನು ಹರಾಜಿಗೆ ಹಾಕುವ ಮುಂಚೆ, ನುಡಿ ಇನ್ನೂ ಕೆಲಸ ಮಾಡುವ ಒಂದು ಯಂತ್ರವನ್ನು ಇಟ್ಟುಕೊಳ್ಳಿ. ಹಳೆಯ ಹಾಳೆಯನ್ನು ಅದರಲ್ಲಿ ಅಚ್ಚು ತೆಗೆದು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಯೂನಿಕೋಡ್ ಪ್ರತಿಯ ಮೇಲೆ ಕಣ್ಣಿಟ್ಟು ತಿದ್ದುತ್ತ ಹೋಗಲಿ.