ತಂಪಾದ ಮನೆ ಯಾರಿಗೆ?
(ಕೊಟ್ಟೂರಿನ ಕಾರ್ಮಿಕರ ಹಾಗೂ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಕೊಟ್ಟೂರೇಶ್ವರನ ತೇರು ಮುಗಿಯಿತೆಂದರೆ ನಮ್ಮ ಸೀಮೆಯಲ್ಲಿ ಬಿಸಿಲಿನ ಆಳ್ವಿಕೆ ಮೊದಲಾಗುತ್ತದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲೆಡೆಯೂ ಅದೇ ಪಾಡು. ಗಿರಣಿಯಲ್ಲಿ ದುಡಿದು ಬಂದವನು ತಗಡಿನ ಮಾಡಿನ ಕೆಳಗೆ ಮಲಗಿ ಸರಿರಾತ್ರಿಯವರೆಗೆ ಬೇಯುತ್ತಾನೆ.

ನಮ್ಮ ಹಿರಿಯರ ಮಾಳಿಗೆ ಮನೆಗಳನ್ನು ನೆನೆಯಿರಿ. ಮೊಳಕ್ಕೂ ಮಿಕ್ಕಿದ ಮಣ್ಣಿನ ಗೋಡೆ, ತೊಲೆ-ಜಂತೆಗಳ ಮೇಲೆ ಸವಳು ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಹಗಲಿನ ಕಾವನ್ನು ಗೋಡೆ ಹೀರಿ ಒಳಗೆ ಬಿಡುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಆ ಮನೆಗಳಲ್ಲಿ ಕತ್ತಲೆ, ಇಲಿ, ಸೋರಿಕೆ ಇದ್ದದ್ದೂ ನಿಜವೇ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹೊತ್ತವರಿಗೆ ಅದು ಗೊತ್ತು. ಅಲ್ಲಿಗೇ ಮರಳಿರೆಂದು ಹೇಳಲು ನಾನು ಬಂದಿಲ್ಲ.

ಇಂದು ವಿಜ್ಞಾನವು ಅದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡುತ್ತಿದೆ. ಗೋಡೆಯೊಳಗೆ ಮೇಣದಂಥ ಪದಾರ್ಥವನ್ನಿಟ್ಟರೆ ಅದು ಹಗಲು ಕರಗುವಾಗ ಕಾವನ್ನು ಹೀರಿ, ರಾತ್ರಿ ಗಟ್ಟಿಯಾಗುವಾಗ ಬಿಡುತ್ತದೆ. ವಿದ್ಯುತ್ತು ಹರಿಸಿದರೆ ಕಪ್ಪಾಗಿ ಬಿಸಿಲನ್ನು ತಡೆಯುವ ಗಾಜಿದೆ. ಕೋಣೆಯಲ್ಲಿ ಜನರಿಲ್ಲವೆಂದು ತಾನೇ ತಿಳಿದು ದೀಪ ಆರಿಸುವ ಸೆನ್ಸರುಗಳು ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿವೆ.

ಆದರೆ ಕಾನೂನು ಯಾರ ಮನೆಯನ್ನು ಕಂಡಿದೆ? ಕೇಂದ್ರ ಸರ್ಕಾರವು 2018ರಲ್ಲಿ ಮನೆಗಳಿಗೆಂದು ಹೊರಡಿಸಿದ ಇಕೋ ನಿವಾಸ್ ಸಂಹಿತೆಯು 500 ಚದರ ಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳನ್ನು ಲೆಕ್ಕಕ್ಕೆ ಹಿಡಿಯಿತು. ನಮ್ಮ 30-40 ಅಡಿಯ ನಾಲ್ಕು ನಿವೇಶನಗಳನ್ನು ಕೂಡಿಸಿದರೂ ಅಷ್ಟಾಗದು! ಇನ್ನು 2025ರಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡಿದಾಗ ಅದರ ಬೆಲೆಯನ್ನು ಬಳಕೆದಾರನ ತಲೆಗೇ ಕಟ್ಟಿದರು. ಮೀಟರು ಮಾತ್ರ ಜಾಣವಾದರೆ ಮನೆ ತಂಪಾಗುವುದೇ?

ಅಂಗಡಿಕಾರ ಬಂಧುಗಳೇ, 2023ರ ಗೃಹಜ್ಯೋತಿ ಮನೆಗಳಿಗಷ್ಟೇ, ನಿಮ್ಮ ಅಂಗಡಿಗೆ ಇಲ್ಲ. ಲೆಕ್ಕ ಹಾಕಿರಿ. ಹಳೆಯ ಫ್ಯಾನು ಸುಮಾರು 75 ವ್ಯಾಟು ನುಂಗಿದರೆ ಹೊಸ ಬಿ.ಎಲ್.ಡಿ.ಸಿ. ಫ್ಯಾನಿಗೆ ಸುಮಾರು 30 ಸಾಕು. ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ ಹದಿಮೂರೂವರೆ ಯೂನಿಟ್ಟು ಉಳಿತಾಯ. ಆದರೆ ಹೊಸ ಫ್ಯಾನಿನ ಬೆಲೆ ಹೆಚ್ಚು. ಕೈಯಲ್ಲಿ ಹಣವಿದ್ದವನೇ ಉಳಿಸುತ್ತಾನೆ, ಇಲ್ಲದವನು ಬಿಲ್ಲು ಕಟ್ಟುತ್ತಾನೆ. ಕಂತಿನ ಮೇಲೆ ಇವನ್ನು ಕೊಡಿಸುವುದು ಸಹಕಾರ ಸಂಘಗಳಿಗೆ ಆಗದ ಕೆಲಸವಲ್ಲ.

ತೆಲಂಗಾಣವು 2023ರಲ್ಲಿ ತಂಪು ಮಾಡುಗಳಿಗಾಗಿ ಒಂದು ನೀತಿಯನ್ನೇ ತಂದಿತು. ಬಿಳಿಯ ಮಾಡು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ. ಕಾಂಕ್ರೀಟಿಗೆ ಸುಣ್ಣ ಸಾಕು. ತಗಡಿನ ಮೇಲೆ ಸುಣ್ಣ ನಿಲ್ಲದು, ಅದಕ್ಕೆ ಬಿಳಿ ಪೇಂಟು ಬೇಕು. ಕಾರ್ಮಿಕರ ಕೇರಿಗಳಿಗೆ ಇದನ್ನು ಸ್ಥಳೀಯ ಸಂಸ್ಥೆಗಳೇ ತಮ್ಮ ಖರ್ಚಿನಲ್ಲಿ, ಬೇಸಗೆಗೆ ಮೊದಲು ಮಾಡಿಸಬೇಕೆಂದು ಐದೂ ಊರುಗಳಲ್ಲಿ ಅರ್ಜಿ ಕೊಡುತ್ತಿದ್ದೇವೆ. ಹಾಳೆಗಳು ಬಾಗಿಲ ಬಳಿ ಮೇಜಿನ ಮೇಲಿವೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು, ಶಾಯಿಯನ್ನೂ ಇಟ್ಟಿದ್ದೇವೆ.