ಸಂಕಲ್ಪಬಲ: ಕ್ರೀಡಾಂಗಣದಲ್ಲಿ ಮತ್ತು ನಿತ್ಯಜೀವನದಲ್ಲಿ

(ನಾರಾಯಣಗೂಡದ ಶಾಖಾಮಠದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

 

ಪೂಜೆಯಾಗಲಿ, ವ್ರತವಾಗಲಿ, ಆರಂಭವಾಗುವುದು ಸಂಕಲ್ಪದಿಂದ. ಆಚಮನ, ಪ್ರಾಣಾಯಾಮಗಳಾದ ಮೇಲೆ ಕರ್ತೃವು ತಾನಿರುವ ದೇಶವನ್ನು ಹೇಳುತ್ತಾನೆ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿಗಳೆಂದು ಕಾಲವನ್ನು ಹೇಳುತ್ತಾನೆ. ಅನಂತರ ತಾನು ಮಾಡಲಿರುವ ಕರ್ಮವನ್ನು ಹೆಸರಿಸಿ, ಅದು ಭಗವಂತನ ಪ್ರೇರಣೆಯಿಂದ, ಅವನ ಪ್ರೀತಿಗಾಗಿ ನಡೆಯುತ್ತದೆಂದು ಹೇಳಿ ನೀರು ಬಿಡುತ್ತಾನೆ. 'ಎಂದಾದರೊಂದು ದಿನ ಏನಾದರೊಂದು ಒಳ್ಳೆಯದನ್ನು ಮಾಡುವೆನು' ಎಂಬ ಮಾತು ಸಂಕಲ್ಪವೆನಿಸುವುದಿಲ್ಲ. ಈ ಸೂಕ್ಷ್ಮವನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ವಿಷಯವನ್ನು ಪ್ರವೇಶಿಸಬಹುದು.

ಇಚ್ಛಾಶಕ್ತಿ, ಮನೋಬಲ, ಛಲ ಎಂಬ ಪದಗಳನ್ನು ಲೋಕದಲ್ಲಿ ಧಾರಾಳವಾಗಿ ಬಳಸುತ್ತಾರೆ. ಬೆಳಗಿನ ಜಾವ ಏಳಲಾರದ ಹುಡುಗನಿಗೆ 'ನಿನಗೆ ಮನೋಬಲವೇ ಇಲ್ಲ' ಎನ್ನುತ್ತಾರೆ. ಸಕ್ಕರೆ ಕಾಯಿಲೆಯಿದ್ದರೂ ಸಿಹಿ ಬಿಡಲಾರದ ಹಿರಿಯರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಈ ಮಾತುಗಳ ಹಿಂದೆ ಎರಡು ಭಾವನೆಗಳಿವೆ. ಮನೋಬಲವು ಕೆಲವರಿಗೆ ಹುಟ್ಟಿನಿಂದಲೇ ಬಂದ ಆಸ್ತಿ ಎಂಬುದು ಒಂದು. ಪ್ರಲೋಭನೆಯು ಎದುರಿಗೆ ಬಂದು ನಿಂತ ಕ್ಷಣದಲ್ಲಿ ಹಲ್ಲು ಕಚ್ಚಿ ಹೋರಾಡುವುದೇ ಮನೋಬಲ ಎಂಬುದು ಇನ್ನೊಂದು. ಇವೆರಡೂ ಪೂರ್ಣ ಸತ್ಯವಲ್ಲ ಎಂಬುದನ್ನು ಕ್ರೀಡಾಲೋಕವೇ ತೋರಿಸಿಕೊಡುತ್ತದೆ.

ಹಲ್ಲು ಕಚ್ಚಿ ಹೋರಾಡಿದವರ ಉದಾಹರಣೆಗಳಿಗೆ ಕೊರತೆಯಿಲ್ಲ. 2002ರ ಮೇ ತಿಂಗಳಲ್ಲಿ ವೆಸ್ಟ್ ಇಂಡೀಸಿನ ಆಂಟಿಗಾದಲ್ಲಿ ಬ್ಯಾಟಿಂಗ್ ಮಾಡುತ್ತಿದ್ದಾಗ ಮರ್ವ್ ಡಿಲನ್ ಎಸೆದ ಚೆಂಡು ಬಡಿದು ಅನಿಲ್ ಕುಂಬ್ಳೆಯವರ ದವಡೆ ಮುರಿಯಿತು. ಅವರು ಮುಖಕ್ಕೆ ಪಟ್ಟಿ ಬಿಗಿಸಿಕೊಂಡು ಮತ್ತೆ ಮೈದಾನಕ್ಕೆ ಇಳಿದು 14 ಓವರು ಬೌಲಿಂಗ್ ಮಾಡಿ ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದರು. ಅನಂತರವೇ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಹೊರಟರು. ಈ ದೃಶ್ಯವನ್ನು ಕಂಡವರು ಮರೆಯಲಾರರು. ಆದರೆ ಜಗತ್ತು ಕಂಡದ್ದು ಕೆಲವು ಗಂಟೆಗಳ ಧೈರ್ಯವನ್ನು. ಅಂತಹ ಸ್ಥಿತಿಯಲ್ಲಿಯೂ ಚೆಂಡು ಬೀಳಬೇಕಾದಲ್ಲಿಯೇ ಬೀಳುವಂತೆ ಕೈಯನ್ನು ಪಳಗಿಸಿದ್ದು ಹಲವಾರು ವರ್ಷಗಳ ಅಭ್ಯಾಸ. ಅದು ಯಾವ ದೂರದರ್ಶನದಲ್ಲಿಯೂ ಪ್ರಸಾರವಾಗಲಿಲ್ಲ.

ಆ ಕಾಣದ ಭಾಗವನ್ನು ಅರಿಯಲು ಬೆಂಗಳೂರಿನಿಂದ ಹೈದರಾಬಾದಿಗೆ ಹರಿದುಬಂದ ಬ್ಯಾಡ್ಮಿಂಟನ್ ಪರಂಪರೆಯನ್ನು ನೋಡಬೇಕು. ಪ್ರಕಾಶ್ ಪಡುಕೋಣೆಯವರು ಬಾಲ್ಯದಲ್ಲಿ ಆಡಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ. ಅದು ಮದುವೆಗಳು ನಡೆಯುವ ಸ್ಥಳ. ಮುಹೂರ್ತವಿದ್ದ ದಿನ ಆಟವಿಲ್ಲ. ಇಲ್ಲದ ದಿನ ಆಟ ತಪ್ಪುವಂತಿಲ್ಲ. ಅಲ್ಲಿ ಬೆಳೆದ ಹುಡುಗ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ಮೊದಲ ಭಾರತೀಯನಾದನು.

ಆ ಪ್ರಶಸ್ತಿಯನ್ನು ಗೆದ್ದ ಎರಡನೆಯ ಭಾರತೀಯರು ಪುಲ್ಲೇಲ ಗೋಪಿಚಂದ್. 1994ರಲ್ಲಿ ಅವರ ಮೊಣಕಾಲಿಗೆ ತೀವ್ರವಾದ ಪೆಟ್ಟಾಯಿತು. ಒಂದಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಬೆಂಗಳೂರಿನಲ್ಲಿ ಪ್ರಕಾಶ್ ಪಡುಕೋಣೆಯವರ ಅಕಾಡೆಮಿಯಲ್ಲಿ ಅವರು ತರಬೇತಿ ಪಡೆದರು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವರ ಮನೆಯವರಿಗೆ ಇದರ ಅರ್ಥ ಗೊತ್ತು. ಅಲ್ಲಿ ವೀರಾವೇಶಕ್ಕೆ ಎಡೆಯಿಲ್ಲ. ಇಂದು ಇಷ್ಟು ಬಾರಿ ಕಾಲು ಎತ್ತಬೇಕು, ನಾಳೆ ಇನ್ನೊಂದಿಷ್ಟು. ಆತುರಪಟ್ಟರೆ ಮೊದಲಿನ ಸ್ಥಿತಿಗೇ ಮರಳಬೇಕು. ಇಂತಹ ಕಾಲವನ್ನು ದಾಟಿ ಬಂದ ಗೋಪಿಚಂದ್ 2001ರ ಮಾರ್ಚ್ 11ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಚೀನದ ಚೆನ್ ಹಾಂಗ್ ಅವರನ್ನು ಸೋಲಿಸಿದರು.

ಅದಾದ ಮೂರೇ ದಿನಗಳಿಗೆ, ಮಾರ್ಚ್ 14ರಂದು, ಕೋಲ್ಕತ್ತದಲ್ಲಿ ಹೈದರಾಬಾದಿನ ಲಕ್ಷ್ಮಣ್ ಮತ್ತು ಬೆಂಗಳೂರಿನ ದ್ರಾವಿಡ್ ಆಸ್ಟ್ರೇಲಿಯದೆದುರು ಇಡೀ ದಿನ ಔಟಾಗದೆ ಆಡಿ 335 ರನ್ನು ಸೇರಿಸಿದರು. ಬೆಳಿಗ್ಗೆ ಎದ್ದು 335 ರನ್ನಿನ ಭಾರವನ್ನು ತಲೆಯ ಮೇಲೆ ಹೊತ್ತವರು ಹಾಗೆ ಆಡಲಾರರು. ಎದುರಿಗೆ ಬರುವುದು ಒಮ್ಮೆಗೆ ಒಂದೇ ಚೆಂಡು.

ಗೋಪಿಚಂದರ ಶಿಷ್ಯೆ ಪಿ. ವಿ. ಸಿಂಧು ರೈಲ್ವೆ ಕುಟುಂಬದ ಹೆಣ್ಣುಮಗಳು. ಆಕೆ ಆಟದ ಮೊದಲ ಪಾಠಗಳನ್ನು ಕಲಿತದ್ದು ಸಿಕಂದರಾಬಾದಿನಲ್ಲಿರುವ ರೈಲ್ವೆಯ ಸಿಗ್ನಲ್ ಮತ್ತು ದೂರಸಂಪರ್ಕ ತರಬೇತಿ ಸಂಸ್ಥೆಯ ಅಂಕಣದಲ್ಲಿ. ಅನಂತರ ಗಚ್ಚಿಬೌಲಿಯ ಅಕಾಡೆಮಿಯಲ್ಲಿ ಬೆಳೆದು 2016ರ ರಿಯೋ ಒಲಿಂಪಿಕ್ಸಿನಲ್ಲಿ ಬೆಳ್ಳಿಯ ಪದಕ ಗಳಿಸಿದಾಗ, ಗುರುಗಳು ಪತ್ರಕರ್ತರಿಗೆ ಒಂದು ಸಂಗತಿಯನ್ನು ತಿಳಿಸಿದರು. ಸುಮಾರು ಮೂರು ತಿಂಗಳ ಕಾಲ ಸಿಂಧುವಿನ ಬಳಿ ಮೊಬೈಲ್ ಫೋನು ಇರಲಿಲ್ಲ. ಆಕೆಗೆ ಇಷ್ಟವಾದ ಸಿಹಿ ಮೊಸರು, ಐಸ್‌ಕ್ರೀಮುಗಳನ್ನೂ ಕೊನೆಯ ದಿನಗಳಲ್ಲಿ ನಿಲ್ಲಿಸಲಾಗಿತ್ತು. ಒಲಿಂಪಿಕ್ ಪದಕ ಗೆಲ್ಲುವಷ್ಟು ದೃಢಮನಸ್ಸಿನವಳಿಗೂ 'ಫೋನನ್ನು ಪಕ್ಕದಲ್ಲಿಟ್ಟುಕೊಂಡು ನೋಡದಿರು' ಎಂದು ಗುರುಗಳು ಹೇಳಲಿಲ್ಲ. ಫೋನನ್ನೇ ದೂರವಿಟ್ಟರು. ಹೀಗಿರುವಾಗ ಹದಿನಾರು ವರ್ಷದ ಹುಡುಗನ ಮೇಜಿನ ಮೇಲೆ ಫೋನಿಟ್ಟು, ಅವನು ಅದನ್ನು ಮುಟ್ಟಿದನೆಂದು ಹಳಿಯುವುದು ನ್ಯಾಯವೇ?

ರೈಲ್ವೆಯ ಸಿಗ್ನಲ್ ಶಾಸ್ತ್ರವೂ ಇದನ್ನೇ ಹೇಳುತ್ತದೆ. ನಿಲ್ದಾಣದಲ್ಲಿ ಪಾಯಿಂಟುಗಳು ಸರಿಯಾದ ಮಾರ್ಗಕ್ಕೆ ಹೊಂದಿ ಭದ್ರವಾಗುವವರೆಗೆ ಆ ಮಾರ್ಗದ ಸಿಗ್ನಲ್ ಬೀಳದಂತೆ ಇಂಟರ್‌ಲಾಕಿಂಗ್ ವ್ಯವಸ್ಥೆ ಇರುತ್ತದೆ. ಎಂಜಿನಿನಲ್ಲಿ ಚಾಲಕನು ಎಚ್ಚರವಾಗಿರುವನೇ ಎಂದು ನೋಡುವ ಉಪಕರಣವಿರುತ್ತದೆ. ಒಂದು ನಿಮಿಷದಷ್ಟು ಕಾಲ ಅವನಿಂದ ಯಾವ ಕ್ರಿಯೆಯೂ ನಡೆಯದಿದ್ದರೆ ಅದು ಎಚ್ಚರಿಸುತ್ತದೆ, ಅದಕ್ಕೂ ಉತ್ತರ ಬಾರದಿದ್ದರೆ ಬ್ರೇಕು ಹಾಕುತ್ತದೆ. ಇದು ಚಾಲಕನಿಗೆ ಅವಮಾನವಲ್ಲ. ಮನುಷ್ಯನ ಮನಸ್ಸು ದಣಿಯುತ್ತದೆ ಎಂಬ ಸತ್ಯವನ್ನು ಒಪ್ಪಿಕೊಂಡು ಮಾಡಿದ ಏರ್ಪಾಡು.

ಆಧುನಿಕ ಮನಶ್ಶಾಸ್ತ್ರವೂ ಈ ದಿಕ್ಕಿನಲ್ಲಿಯೇ ಸಾಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ವಾಲ್ಟರ್ ಮಿಶೆಲ್ ಎಂಬ ವಿದ್ವಾಂಸರು ಚಿಕ್ಕ ಮಕ್ಕಳ ಮುಂದೆ ಸಿಹಿತಿಂಡಿಯನ್ನಿಟ್ಟು, ಸ್ವಲ್ಪ ಕಾದರೆ ಎರಡು ಕೊಡುವುದಾಗಿ ಹೇಳಿ ಪರೀಕ್ಷಿಸಿದರು. ಹೆಚ್ಚು ಹೊತ್ತು ಕಾದ ಮಕ್ಕಳು ತಿಂಡಿಯನ್ನೇ ದಿಟ್ಟಿಸುತ್ತ ಕುಳಿತವರಲ್ಲ. ಮುಖ ತಿರುಗಿಸಿದವರು, ಕಣ್ಣು ಮುಚ್ಚಿಕೊಂಡವರು, ಹಾಡು ಹೇಳಿಕೊಂಡವರು. ಅಂದು ಕಾದ ಮಗು ಮುಂದೆ ಜಾಣನಾಗುವುದೆಂಬ ನಂಬಿಕೆ ಬಹುಕಾಲ ಪ್ರಚಾರದಲ್ಲಿತ್ತು. 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವು ಮನೆಯ ಪರಿಸರವನ್ನು ಗಣನೆಗೆ ತೆಗೆದುಕೊಂಡಾಗ ಆ ಸಂಬಂಧವು ಬಹಳ ಕ್ಷೀಣವಾಗುವುದನ್ನು ತೋರಿಸಿತು. ಎಳೆಯ ಮಗುವಿನ ಹಣೆಯ ಮೇಲೆ 'ಮನೋಬಲವಿಲ್ಲ' ಎಂದು ಬರೆಯುವ ಅಧಿಕಾರ ಯಾರಿಗೂ ಇಲ್ಲವೆಂದಾಯಿತು.

ಜರ್ಮನಿಯ ಪೀಟರ್ ಗಾಲ್ವಿಟ್ಜರ್ ಅವರ ಸಂಶೋಧನೆ ಇನ್ನೂ ಸ್ವಾರಸ್ಯಕರವಾಗಿದೆ. 'ವ್ಯಾಯಾಮ ಮಾಡುವೆನು' ಎಂದು ಬಯಸುವವರಿಗಿಂತ, 'ಇಂತಹ ಹೊತ್ತಿನಲ್ಲಿ, ಇಂತಹ ಸ್ಥಳದಲ್ಲಿ, ಇಂತಹ ಕೆಲಸ ಮಾಡುವೆನು' ಎಂದು ಮುಂಚಿತವಾಗಿ ನಿರ್ಧರಿಸಿದವರು ಅದನ್ನು ಪೂರೈಸುವ ಸಂಭವ ಹೆಚ್ಚು ಎಂದು ಅವರು ಕಂಡುಕೊಂಡರು. ದೇಶ, ಕಾಲ, ಕರ್ಮ: ಮೂರನ್ನೂ ಹೇಳಿ ನೀರು ಬಿಡುವ ನಮ್ಮ ಸಂಕಲ್ಪದ ಸ್ವರೂಪವೂ ಇದೇ ಅಲ್ಲವೇ? ಪೂಜೆಯ ಗುರಿ ಬೇರೆ, ಪ್ರಯೋಗಶಾಲೆಯ ಗುರಿ ಬೇರೆ. ಆದರೂ ಚಂಚಲವಾದ ಮನಸ್ಸನ್ನು ಕಟ್ಟಿಹಾಕಲು ಹಗ್ಗದ ಎಳೆಗಳು ಒಂದೇ.

ಏಕಾದಶಿಯನ್ನೇ ನೋಡಿರಿ. ಇತರ ದಿನ ಊಟ ಅರ್ಧ ಗಂಟೆ ತಡವಾದರೆ ಸಿಡುಕುವ ಗೃಹಸ್ಥರು ಅಂದು ಶಾಂತವಾಗಿ ಉಪವಾಸವಿರುತ್ತಾರೆ. ಅಂದು ಮಾತ್ರ ಅವರಿಗೆ ಹೊಸ ಶಕ್ತಿ ಎಲ್ಲಿಂದ ಬಂತು? ಭಗವದನುಗ್ರಹವೇ ಮೂಲ, ಆ ಅನುಗ್ರಹವು ಒಂದು ಕ್ರಮದ ಮೂಲಕ ಕೆಲಸ ಮಾಡುತ್ತದೆ. ದಿನ ಮೊದಲೇ ಪಂಚಾಂಗದಲ್ಲಿ ನಿಶ್ಚಿತವಾಗಿದೆ. ದಶಮಿಯಂದು ಒಪ್ಪೊತ್ತಿನ ಊಟದಿಂದ ದೇಹ ಸಿದ್ಧವಾಗಿದೆ. ಅಡುಗೆಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಮನೆಮಂದಿಯೆಲ್ಲ ಜೊತೆಗಿದ್ದಾರೆ, ಮನಸ್ಸಿಗೆ ಪಾರಾಯಣ, ಭಜನೆಗಳ ಕೆಲಸವಿದೆ, ದ್ವಾದಶಿಯ ಪಾರಣೆಯ ಹೊತ್ತು ಗೊತ್ತಿದೆ. ತಿನ್ನಲೇ, ಬಿಡಲೇ ಎಂಬ ಚರ್ಚೆಗೇ ಅಲ್ಲಿ ಅವಕಾಶವಿಲ್ಲ. ಚಾತುರ್ಮಾಸ್ಯದಲ್ಲಿಯೂ ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ತಿಂಗಳಿಗೊಂದರಂತೆ ಬಿಡಲಾಗುತ್ತದೆ. ಎಲ್ಲವನ್ನೂ ಒಮ್ಮೆಲೇ ಬಿಡಬೇಕೆಂದು ವಿಧಿಸಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ದೃಢತೆ ಬೇರೆ, ಹಠ ಬೇರೆ. ಬಾಲರು, ವೃದ್ಧರು, ರೋಗಿಗಳು ಇವರ ವಿಷಯದಲ್ಲಿ ಶಾಸ್ತ್ರವೇ ಉಪವಾಸದ ನಿಯಮವನ್ನು ಸಡಿಲಿಸಿದೆ. ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗವು ಸಿದ್ಧಿಸದೆಂಬುದು ಗೀತೆಯ ಆರನೆಯ ಅಧ್ಯಾಯದ ಅಭಿಪ್ರಾಯ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನೂ ಗುರುಗಳನ್ನೂ ಕೇಳದೆ ನಿರಾಹಾರವಿರುವುದು ಅಪಾಯಕರ. ಹಾಗೆಯೇ ಆಟವಾಡುವ ಮಕ್ಕಳು ಕುಂಬ್ಳೆಯವರ ಕಥೆ ಕೇಳಿ ಪೆಟ್ಟನ್ನು ಮುಚ್ಚಿಡಬಾರದು. ನೋವನ್ನು ಹೇಳಿಕೊಳ್ಳುವುದು ದೌರ್ಬಲ್ಯವಲ್ಲ.

ಇನ್ನು ಮನೆಯಲ್ಲಿ ಮಾಡಬಹುದಾದುದು. 'ಈ ವರ್ಷ ಚೆನ್ನಾಗಿ ಓದುವೆನು' ಎಂಬುದಕ್ಕೆ ಬದಲಾಗಿ 'ಸಂಧ್ಯಾವಂದನೆ ಮುಗಿದೊಡನೆ ದೇವರ ಕೋಣೆಯ ಪಕ್ಕದ ಮೇಜಿನಲ್ಲಿ ಗಣಿತದ ಐದು ಲೆಕ್ಕ ಮಾಡುವೆನು' ಎಂದು ಮಗು ಹೇಳಲಿ. ಆ ಹೊತ್ತಿನಲ್ಲಿ ತಂದೆತಾಯಿಯರ ಫೋನುಗಳೂ ಬೇರೆ ಕೋಣೆಯಲ್ಲಿರಲಿ, ದೂರದರ್ಶನವೂ ಮೌನವಾಗಿರಲಿ. ಸಿಹಿ ಬಿಡಬೇಕಾದವರ ಮನೆಯಲ್ಲಿ ಡಬ್ಬಿ ಕಣ್ಣಿಗೆ ಬೀಳದಿರಲಿ. ನಡಿಗೆಗೆ ಹೋಗುವವರು ಜೊತೆಗಾರರೊಬ್ಬರನ್ನು ಗೊತ್ತುಮಾಡಿಕೊಳ್ಳಲಿ.

ಎಷ್ಟು ದಿನ ಎಂದು ಕೇಳಬಹುದು. ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಅಭ್ಯಸಿಸಿದಾಗ, ಹೊಸ ಅಭ್ಯಾಸವು ಸಹಜವಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕೆನಿಸಿದರೆ, ಕೆಲವರ ಲೆಕ್ಕ 254 ದಿನಗಳವರೆಗೆ ಹೋಯಿತು. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸವು ಕೆಡಲಿಲ್ಲ ಎಂಬುದು ಅದರ ಮುಖ್ಯ ಅಂಶ. ಆದ್ದರಿಂದ ಒಂದು ದಿನ ತಪ್ಪಿದರೆ 'ಎಲ್ಲ ಹೋಯಿತು' ಎನ್ನದೆ ಮರುದಿನ ಮತ್ತೆ ಕುಳಿತುಕೊಳ್ಳಬೇಕು. ನೆರೆಮನೆಯ ಹುಡುಗನಿಗೆ 20 ದಿನ ಸಾಕಾಯಿತೆಂದು ನಮ್ಮ ಮಗುವನ್ನು ಹೀಯಾಳಿಸಬಾರದು.

ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಂತೆ ಕಷ್ಟವೆಂದು ಅರ್ಜುನನೇ ಹೇಳಿಕೊಂಡನು. ಶ್ರೀಕೃಷ್ಣನು ಅವನನ್ನು ದುರ್ಬಲನೆಂದು ಜರೆಯಲಿಲ್ಲ. ಕಷ್ಟವೆಂಬುದನ್ನು ಒಪ್ಪಿಕೊಂಡು, ಅಭ್ಯಾಸ ಮತ್ತು ವೈರಾಗ್ಯವೆಂಬ ದಾರಿಯನ್ನು ತೋರಿಸಿದನು. ನಮ್ಮ ಮನೆಗಳಲ್ಲಿ ಮಕ್ಕಳೂ ಹಿರಿಯರೂ ಸೋತು ಕುಳಿತಾಗ ಅವರಿಗೆ ಸಲ್ಲಬೇಕಾದುದು ಇಂತಹ ಉತ್ತರವೇ. ಮಾಡುವ ಪ್ರಯತ್ನವೂ ಹರಿಯ ಅಧೀನವೆಂದು ತಿಳಿದವರಿಗೆ ಗೆದ್ದಾಗ ಗರ್ವವಿಲ್ಲ, ಸೋತಾಗ ಹತಾಶೆಯಿಲ್ಲ. ಆ ಪ್ರಯತ್ನದ ದೇಶ, ಕಾಲ, ಕರ್ಮಗಳನ್ನು ಇಂದೇ ಗೊತ್ತುಪಡಿಸಿಕೊಳ್ಳುವಂತಾಗಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥